ಕಳ್ಳನ ಮುಖ ನೋಡು

ನಮ್ಮ ಮನೆಯಲ್ಲಿ ಏನು ಕಾಣೆಯಾದರೂ ಮೊದಲು ಬರುವ ಹೆಸರು ಕರಿಯನದ್ದು. ಒಂಟಿ ಚಪ್ಪಲಿ, ಟಿವಿ ರಿಮೋಟು, ಮಗಳ ರಬ್ಬರು, ಎಲ್ಲದಕ್ಕೂ ಅವನೇ. ಬೀದಿಯಿಂದ ಬಂದ ನಾಯಿ, ಅವನ ಪರ ಮಾತಾಡುವವರು ಯಾರು?

ವಿಚಾರಣೆ ನಡೆಸುವವರು ನಮ್ಮತ್ತೆ. ಸೊಂಟದ ಮೇಲೆ ಕೈಯಿಟ್ಟು "ಏನೋ ಕರಿಯಾ, ನಿಂದೇನೋ ಈ ಕೆಲಸ?" ಎಂದರೆ ಸಾಕು. ಕಿವಿ ಹಿಂದಕ್ಕೆ, ಬಾಲ ಕಾಲಸಂದಿಗೆ, ನೋಟ ಓರೆ. ನಾಲಗೆಯಲ್ಲಿ ಮೂಗು ಸವರಿಕೊಳ್ಳುತ್ತಾನೆ. ಮೇಲೊಂದು ಆಕಳಿಕೆ. "ನೋಡು, ಕಳ್ಳನ ಮುಖ ನೋಡು" ಎನ್ನುತ್ತಾರೆ ಅತ್ತೆ. ಅಲ್ಲಿಗೆ ಕೇಸು ಮುಗಿಯಿತು.

ಯುಗಾದಿಯ ಮರುದಿನ ಒಬ್ಬಟ್ಟು ಕಡಿಮೆಯಾದಾಗಲೂ ಹೀಗೇ ಆಯಿತು. ಡಬ್ಬಿ ಇದ್ದದ್ದು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ. ಮುಚ್ಚಳ ತಿರುಗಿಸಿ ಹಾಕುವಂಥದ್ದು. ತಿಂದವರು ಅದನ್ನು ಮತ್ತೆ ಬಿಗಿಯಾಗಿ ಹಾಕಿಯೂ ಇದ್ದರು. ಇಷ್ಟು ಅಚ್ಚುಕಟ್ಟು ನಮ್ಮ ಮನೆಯ ಮನುಷ್ಯರಿಗೇ ಇಲ್ಲ, ಇನ್ನು ನಾಯಿಗೆಲ್ಲಿಂದ ಬರಬೇಕು? ಆದರೂ ಕರಿಯ ಒಪ್ಪಿಕೊಂಡೇಬಿಟ್ಟ. ಶುಗರ್ ಇರುವ ನಮ್ಮ ಮಾವ ಮಾತ್ರ ಪೇಪರಿನಿಂದ ತಲೆ ಎತ್ತಲಿಲ್ಲ.

ಈ ಕಳ್ಳಮುಖವನ್ನೇ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಪರೀಕ್ಷೆ ಮಾಡಿ, 2009ರಲ್ಲಿ ಪ್ರಕಟಿಸಿದರು. ಇದ್ದದ್ದು 14 ನಾಯಿಗಳು. ಮುಂದೆ ತಿಂಡಿ ಇಟ್ಟು, "ತಿನ್ನಬೇಡ" ಎಂದು ಹೇಳಿ ಸಾಕಿದವರು ಹೊರಗೆ ಹೋಗಬೇಕು. ನಾಯಿ ತಿಂತೋ ಇಲ್ಲವೋ ಎಂದು ಆಮೇಲೆ ಅವರಿಗೆ ತಿಳಿಸುತ್ತಿದ್ದರು. ತಿಂತು ಎಂದರೆ ಅವರು ನಾಯಿಯನ್ನು ಬೈಯಬೇಕು. ಕೆಲವು ಸಲ ಬೇಕೆಂದೇ ಸುಳ್ಳು ಹೇಳಿದರು. ಗೊತ್ತಾದದ್ದು ಇಷ್ಟು: ಕಳ್ಳಮುಖ ಬರುವುದು ತಿಂದದ್ದಕ್ಕಲ್ಲ, ಬೈಸಿಕೊಂಡದ್ದಕ್ಕೆ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲಂತೂ ಅದು ಇನ್ನೂ ಜಾಸ್ತಿ. ಹಾಗೆ ಕಿವಿ ಮಡಚುವುದು, ಮೂಗು ನೆಕ್ಕುವುದು, ಹೊತ್ತಲ್ಲದ ಹೊತ್ತಿನಲ್ಲಿ ಆಕಳಿಸುವುದು, ಎಲ್ಲ ದಿಗಿಲಿನ ಗುರುತು. "ನಾನೇ ತಿಂದೆ" ಎಂದಲ್ಲ, "ಸಿಟ್ಟು ಬೇಡ ತಾಯಿ" ಎಂದು.

ಅತ್ತೆಗೆ ಇದನ್ನು ಹೇಳಿದೆ. ನಂಬಲಿಲ್ಲ. ಸರಿ, ಪರೀಕ್ಷೆ ನಮ್ಮ ಹಾಲಿನಲ್ಲೇ ನಡೆಯಲಿ ಅಂದುಕೊಂಡೆ. ಸುಮ್ನೆ ಮಲಗಿದ್ದ ಕರಿಯನ ಮುಂದೆ ನಿಂತು, ಅತ್ತೆಯದೇ ಧಾಟಿಯಲ್ಲಿ "ಟೊಮೆಟೊ ರೇಟು ಯಾಕೋ ಏರಿತು?" ಎಂದು ಗದರಿದೆ. ಬಾಲ ಕಾಲಸಂದಿಗೆ ಹೋಯಿತು. ಟೊಮೆಟೊ ರೇಟು ಏರಿಸಿದವನೂ ಅವನೇ. ಆಮೇಲೆ ಮೆಲ್ಲಗೆ, "ಬಂಗಾರಾ, ಒಬ್ಬಟ್ಟು ಕದ್ದೋನು ನೀನೇನಾ?" ಎಂದೆ. ಮೈಯೆಲ್ಲ ಬಾಲವಾಗಿ ಕುಣಿದ.

ನಮ್ಮ ಭಾಷೆ ಅವನಿಗೆ ಹೀಗೆ ಅರ್ಥವಾದರೆ, ನಮ್ಮ ನಡವಳಿಕೆ ಇನ್ನೊಂದು ಥರ. ದಿನಾ ಕೊರಿಯರ್ ಹುಡುಗ ಬರುತ್ತಾನೆ. ಕರಿಯ ಬೊಗಳುತ್ತಾನೆ. ಹುಡುಗ ಪೊಟ್ಟಣ ಕೊಟ್ಟು ಹೊರಡುತ್ತಾನೆ. ನಮ್ಮ ಲೆಕ್ಕದಲ್ಲಿ ಡೆಲಿವರಿ ಆಯಿತು. ಅವನ ಲೆಕ್ಕದಲ್ಲಿ ಶತ್ರು ಓಡಿಹೋದ. ದಿನಾ ಗೆಲ್ಲುವವನಿಗೆ "ಬೊಗಳಬೇಡ" ಎಂದರೆ ಯಾಕೆ ಕೇಳುತ್ತಾನೆ? ನಾವೂ ಒಳಗಿನಿಂದ "ಏಯ್, ಸುಮ್ನಿರೋ" ಎಂದು ಕೂಗುತ್ತೇವಲ್ಲ, ಮನೆಯವರೆಲ್ಲ ಜೊತೆಗೆ ಬೊಗಳುತ್ತಿದ್ದಾರೆ ಎಂದು ಅವನಿಗೆ ಹುಮ್ಮಸ್ಸು ಬರುತ್ತದೆ. ಈಗ ಗೇಟಿನ ಸದ್ದಾದ ಕೂಡಲೇ ಒಳಗೆ ಕರೆದು ಒಂದು ಬಿಸ್ಕತ್ತಿನ ಚೂರು ಕೊಡುತ್ತೇನೆ. ಬೊಗಳುವುದು ಸ್ವಲ್ಪ ಇಳಿದಿದೆ. ಬಿಸ್ಕತ್ತಿನ ಖರ್ಚು ಏರಿದೆ. ಅದರಲ್ಲಿ ಎಷ್ಟು ಕರಿಯನಿಗೆ, ಎಷ್ಟು ಮಾವನಿಗೆ ಎನ್ನುವ ಲೆಕ್ಕ ನಾನಿಟ್ಟಿಲ್ಲ.

ಹೋದ ವಾರ ಮಾವನ ರಕ್ತಪರೀಕ್ಷೆಯ ರಿಪೋರ್ಟು ಬಂತು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಇನ್ನೂರ ನಲವತ್ತು! ಏನ್ರೀ ಇದು?"

ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅತ್ತೆಯ ದನಿ ಏರಿದ್ದೇ ತಡ, ಸೋಫಾ ಪಕ್ಕದಲ್ಲಿದ್ದ ಕರಿಯ ಕಿವಿ ಮಡಚಿ, ಬಾಲ ಮುದುಡಿ, ಮೂಗು ನೆಕ್ಕಿಕೊಂಡ.

ಮಾವ ಅವನತ್ತ ಬೆರಳು ತೋರಿಸಿದರು. "ನೋಡೇ, ಕಳ್ಳನ ಮುಖ ನೋಡು."