ಲಿಮಾ ನಗರವನ್ನು ಅದರ ಮಣ್ಣಿನಿಂದ ನೋಡಬೇಕು

ಪೆರು ದೇಶಕ್ಕೆ ಹೊರಟ ನಮ್ಮವರ ಪ್ರವಾಸದ ಪಟ್ಟಿಗಳನ್ನು ನೋಡಿದಾಗಲೆಲ್ಲ ನನಗೆ ಒಂದು ಬೇಸರ ಕಾಡುತ್ತದೆ. ಕುಸ್ಕೊ ಮತ್ತು ಮಾಚು ಪಿಚುಗಳಿಗೆ ದಿನಗಟ್ಟಲೆ ಸಮಯ ತೆಗೆದಿಡುವವರು ರಾಜಧಾನಿ ಲಿಮಾಕ್ಕೆ ಕೊಡುವುದು ಒಂದು ವಿಮಾನ ಇಳಿದು ಇನ್ನೊಂದನ್ನು ಹತ್ತುವ ನಡುವಿನ ಅರ್ಧ ದಿನವನ್ನು ಮಾತ್ರ. ಆ ಅರ್ಧ ದಿನದಲ್ಲಿ ಪ್ಲಾಸಾ ಮಯೋರ್ ಚೌಕದ ಎದುರು ಒಂದು ಫೋಟೊ, ಮಿರಾಫ್ಲೋರೆಸ್ ಬಡಾವಣೆಯ ಕಡಲಂಚಿನಲ್ಲಿ ಇನ್ನೊಂದು ಫೋಟೊ ತೆಗೆದುಕೊಂಡು, ಊರಿಗೆ ಮರಳಿದ ಮೇಲೆ ‘ಲಿಮಾದಲ್ಲಿ ನೋಡುವಂಥದ್ದೇನೂ ಇಲ್ಲ, ಆಕಾಶವೂ ಬೂದು, ಊರೂ ಬೂದು’ ಎಂದು ಬರೆಯುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸುಮಾರು ಒಂದು ಕೋಟಿ ಜನ ಬಾಳುವ ಈ ನಗರದಲ್ಲಿ ಕೊರತೆಯೇನೂ ಇಲ್ಲ, ನಾವು ಅದನ್ನು ನೋಡುವ ಕ್ರಮವೇ ತಪ್ಪಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಬೂದು ಆಕಾಶದಿಂದಲೇ ಆರಂಭಿಸುತ್ತೇನೆ. ಲಿಮಾ ಇರುವುದು ಮರುಭೂಮಿಯಲ್ಲಿ. ದಕ್ಷಿಣದಿಂದ ಕರಾವಳಿಯುದ್ದಕ್ಕೂ ಹರಿದು ಬರುವ ಹಂಬೋಲ್ಟ್ ಶೀತಪ್ರವಾಹವು ಕಡಲ ಮೇಲಿನ ಗಾಳಿಯನ್ನು ತಣ್ಣಗೆ ಇಡುವುದರಿಂದ ಇಲ್ಲಿ ಮೋಡ ಕವಿಯುತ್ತದೆಯೇ ಹೊರತು ಮಳೆ ಸುರಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಗರುವಾ’ ಎಂದು ಅಲ್ಲಿಯವರು ಕರೆಯುವ ತುಂತುರು ಬೀದಿಯನ್ನು ಒದ್ದೆ ಮಾಡುತ್ತದೆ, ಅಷ್ಟೇ. ಇಡೀ ವರ್ಷದ ಮಳೆ ಕೆಲವೇ ಮಿಲಿಮೀಟರು. ಮಳೆಯಿಲ್ಲದ ಊರಿನಲ್ಲಿ ಮಣ್ಣಿನ ಗೋಡೆ ಕರಗುವುದಿಲ್ಲ, ಆದರೆ ಭೂಕಂಪ ಮಾತ್ರ ಮೇಲಿಂದ ಮೇಲೆ ಬರುತ್ತದೆ. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಲಿಮಾದ ಪ್ರತಿಯೊಂದು ಹಳೆಯ ಕಟ್ಟಡವೂ ಅರ್ಥವಾಗತೊಡಗುತ್ತದೆ.

ಆದ್ದರಿಂದ ನನ್ನನ್ನು ಕೇಳಿದವರಿಗೆ ಮೊದಲ ಬೆಳಿಗ್ಗೆ ವಾಕಾ ಪುಕ್ಯಾನಾಕ್ಕೆ ಹೋಗಿ ಎಂದೇ ಹೇಳುತ್ತೇನೆ. ಹೋಟೆಲು, ಬ್ಯಾಂಕು, ಅಪಾರ್ಟ್‌ಮೆಂಟುಗಳ ನಡುವೆ, ಮಿರಾಫ್ಲೋರೆಸ್‌ನ ಸಾಮಾನ್ಯ ಬೀದಿಯೊಂದರ ಕೊನೆಯಲ್ಲಿ, ಇಪ್ಪತ್ತು ಮೀಟರಿಗೂ ಮಿಗಿಲಾದ ಎತ್ತರದ ಮೆಟ್ಟಿಲುಮೆಟ್ಟಿಲಾದ ಮಣ್ಣಿನ ದಿಬ್ಬ ನಿಂತಿದೆ. ಕ್ರಿ.ಶ. 200ರಿಂದ 700ರ ಸುಮಾರಿನಲ್ಲಿ ಇಲ್ಲಿ ಬಾಳಿದ, ಈಗ ಲಿಮಾ ಸಂಸ್ಕೃತಿ ಎಂದು ಕರೆಯಲಾಗುವ ಜನ ಅದನ್ನು ಕಟ್ಟಿದರು. ಅಂದರೆ, ಮುಂದೆ ಸ್ಪೇನಿನವರು ಗೆದ್ದ ಇಂಕಾ ಸಾಮ್ರಾಜ್ಯಕ್ಕಿಂತ ಎಷ್ಟೋ ಶತಮಾನ ಹಿಂದೆ. ಅಂಗೈಗಿಂತ ತುಸು ದೊಡ್ಡದಾದ, ಸುಡದೆ ಬಿಸಿಲಿನಲ್ಲಿ ಒಣಗಿಸಿದ ಲಕ್ಷಾಂತರ ಇಟ್ಟಿಗೆಗಳನ್ನು ಮಲಗಿಸದೆ, ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ನೆಟ್ಟಗೆ ನಿಲ್ಲಿಸಿದ್ದಾರೆ. ಹತ್ತಿರ ಹೋಗಿ ನೋಡಿದರೆ ಇಟ್ಟಿಗೆ ಇಟ್ಟಿಗೆಯ ನಡುವೆ ಸಣ್ಣ ಸಂದು ಬಿಟ್ಟಿರುವುದು ಕಾಣುತ್ತದೆ. ನೆಲ ನಡುಗಿದಾಗ ಆ ಸಂದುಗಳಲ್ಲಿ ಇಟ್ಟಿಗೆಗಳು ತುಸು ಅಲುಗಿ ಮತ್ತೆ ನಿಲ್ಲುತ್ತವೆ. ಗೋಡೆ ಉದ್ದಕ್ಕೂ ಬಿರಿಯುವುದಿಲ್ಲ. ಬಾಗಿ ಒಂದು ಸಾಲನ್ನು ಕಣ್ಣಿನ ಮಟ್ಟಕ್ಕೆ ತಂದುಕೊಂಡು ನೋಡಿದಾಗ ಅಕ್ಷರಲಿಪಿಯಿಲ್ಲದ ಆ ಜನರ ಎಂಜಿನಿಯರಿಂಗ್ ಬುದ್ಧಿಯ ಮುಂದೆ ನಾನು ಮೂಕನಾಗಿದ್ದೆ. ಇಪ್ಪತ್ತನೆಯ ಶತಮಾನದಲ್ಲಿ ನಗರ ಬೆಳೆಯುತ್ತಾ ಬಂದಂತೆ ಈ ನೆಲೆಯ ದೊಡ್ಡ ಭಾಗ ಬಡಾವಣೆಗಳಿಗೆ ಆಹುತಿಯಾಯಿತು. 1981ರಿಂದ ನಡೆದ ವ್ಯವಸ್ಥಿತ ಉತ್ಖನನ ಮತ್ತು ರಕ್ಷಣೆಯಿಂದಾಗಿ ಉಳಿದದ್ದು ಉಳಿಯಿತು. ಊರೊಳಗಿನ ಕೆರೆ ಮತ್ತು ವೀರಗಲ್ಲುಗಳನ್ನು ಕಣ್ಣೆದುರೇ ಕಳೆದುಕೊಂಡ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದಾಗಿ, ಪುಯೆಬ್ಲೊ ಲಿಬ್ರೆ ಬಡಾವಣೆಯಲ್ಲಿರುವ ಲಾರ್ಕೊ ವಸ್ತುಸಂಗ್ರಹಾಲಯ. 1926ರಲ್ಲಿ ರಫಾಯೆಲ್ ಲಾರ್ಕೊ ಓಯ್ಲೆ ಸ್ಥಾಪಿಸಿದ ಈ ಸಂಗ್ರಹ ಈಗ ಕಾಗದದ ಹೂ ಬಳ್ಳಿಗಳು ಹಬ್ಬಿದ ಹಳೆಯ ಬಂಗಲೆಯೊಂದರಲ್ಲಿದೆ. ಚಿನ್ನದ ಕಿರೀಟಗಳ ಕೋಣೆಯಲ್ಲಿ ಎಲ್ಲರೂ ನಿಲ್ಲುತ್ತಾರೆ, ನಿಲ್ಲಲಿ. ಆದರೆ ಅದರ ಉಗ್ರಾಣವನ್ನು ತಪ್ಪಿಸಬಾರದು. ಬೇರೆ ಸಂಗ್ರಹಾಲಯಗಳು ಬೀಗ ಹಾಕಿಡುವ ಉಗ್ರಾಣವನ್ನು ಇಲ್ಲಿ ನೋಡುಗರಿಗೆ ತೆರೆದಿಟ್ಟಿದ್ದಾರೆ. ನೆಲದಿಂದ ಚಾವಣಿಯವರೆಗೆ ಗಾಜಿನ ಬೀರುಗಳಲ್ಲಿ ಸಾವಿರಾರು ಮಣ್ಣಿನ ಪಾತ್ರೆಗಳು ವಿಷಯವಾರು ಕುಳಿತಿವೆ: ಗೂಬೆಗಳು, ನಾಯಿಗಳು, ಕುರುಡರು, ಸೆರೆಯಾಳುಗಳು. ಉತ್ತರ ಕರಾವಳಿಯ ಮೋಚೆ ಸಂಸ್ಕೃತಿಯ ಕುಂಬಾರರು ಮಾಡಿದ ಮುಖದ ಹೂಜಿಗಳಲ್ಲಿ ಹಲವು ನಿಜವಾಗಿ ಬದುಕಿದ್ದ ವ್ಯಕ್ತಿಗಳ ಮುಖಗಳು. ಅಲ್ಲಿಯೇ ಆಲೂಗಡ್ಡೆಯ ಆಕಾರದ, ಮೆಕ್ಕೆಜೋಳದ ಆಕಾರದ, ಕಡಲೆಕಾಯಿಯ ಆಕಾರದ ಪಾತ್ರೆಗಳೂ ಇವೆ. ಕಡಲೆಕಾಯಿಯ ಸಿಪ್ಪೆಯ ಮೇಲಿನ ಬಲೆಯಂಥ ಗೆರೆಗಳನ್ನೂ ಕುಂಬಾರನು ಬಿಡದೆ ಮೂಡಿಸಿದ್ದಾನೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರಾಶಿ ರಾಶಿ ಕಂಡು ಬೆಳೆದ ಬೆಳೆಯ ತವರು ದಕ್ಷಿಣ ಅಮೆರಿಕ, ಅದು ನಮ್ಮ ನೆಲಕ್ಕೆ ಬಂದದ್ದು ಯುರೋಪಿನವರ ಹಡಗುಗಳು ಸಾಗರ ದಾಟತೊಡಗಿದ ಮೇಲೆ ಎಂಬುದನ್ನು ಓದಿ ತಿಳಿದಿದ್ದೆ; ಆ ಬೀರುವಿನ ಮುಂದೆ ನಿಂತಾಗ ಅದು ನನ್ನೊಳಗೆ ಇಳಿಯಿತು. ಆಲೂಗಡ್ಡೆ ಮತ್ತು ಮೆಣಸಿನಕಾಯಿಯ ಕಥೆಯೂ ಹೀಗೆಯೇ. ನಮ್ಮ ಅಡುಗೆಮನೆಯ ಅರ್ಧ ಬುಟ್ಟಿಯನ್ನು ತುಂಬಿದ ಭೂಖಂಡಕ್ಕೆ ಬಂದು ಅದರ ಸಂಗ್ರಹಾಲಯಕ್ಕೆ ಎರಡು ತಾಸು ಕೊಡದಿರುವುದು ಸರಿಯಲ್ಲ.

ಇವೆರಡನ್ನು ನೋಡಿದ ಮೇಲೆ ಸ್ಪೇನಿನವರು ಕಟ್ಟಿದ ಲಿಮಾಕ್ಕೆ ಹೋಗಬೇಕು. 1535ರ ಜನವರಿ 18ರಂದು ಇಂಕಾಗಳನ್ನು ಸೋಲಿಸಿದ ಸ್ಪೇನಿನ ದಂಡನಾಯಕ ಫ್ರಾನ್ಸಿಸ್ಕೊ ಪಿಸಾರೋ ಇಲ್ಲಿ ನಗರವನ್ನು ಸ್ಥಾಪಿಸಿದ. ಅವನ ಅಸ್ಥಿಗಳು ಪ್ಲಾಸಾ ಮಯೋರ್ ಪಕ್ಕದ ಕೆಥೆಡ್ರಲ್‌ನಲ್ಲಿವೆ. 1821ರ ಜುಲೈ 28ರಂದು ವಿಮೋಚನಾ ಸೇನಾನಿ ಸಾನ್ ಮಾರ್ಟಿನ್ ಪೆರುವಿನ ಸ್ವಾತಂತ್ರ್ಯವನ್ನು ಘೋಷಿಸಿದ್ದು ಇದೇ ಚೌಕದಲ್ಲಿ. ಹಳದಿ ಗೋಡೆಗಳು, ಬೀದಿಯ ಮೇಲೆ ಚಾಚಿಕೊಂಡ ಕೆತ್ತನೆಯ ಮರದ ಬಾಲ್ಕನಿಗಳು ನಿಜಕ್ಕೂ ಚೆಂದ. ಆದರೆ ಅಲ್ಲಿಂದ ಸ್ವಲ್ಪವೇ ದೂರದ ಸಾನ್ ಫ್ರಾನ್ಸಿಸ್ಕೊ ಮಠದಲ್ಲಿ ಪ್ರವಾಸಿಗರೆಲ್ಲ ನೇರವಾಗಿ ನೆಲಮಾಳಿಗೆಗೆ ಇಳಿದು, ಅಂದಾಜು 25,000 ಜನರನ್ನು ಹೂಳಲಾಗಿದ್ದ ಆ ಜಾಗದಲ್ಲಿ ವೃತ್ತಾಕಾರವಾಗಿ ಜೋಡಿಸಿದ ತಲೆಬುರುಡೆಗಳನ್ನು ನೋಡಿ ಬೆಚ್ಚಿ ಹೊರಬರುತ್ತಾರೆ. ಮೇಲೆ ಚರ್ಚಿನೊಳಗೆ ನಿಂತು ಕತ್ತೆತ್ತಿ ನೋಡುವವರು ಕಡಿಮೆ. ಕಲ್ಲಿನದೆಂದು ತೋರುವ ಆ ಕಮಾನು ಚಾವಣಿ ಕಲ್ಲಿನದಲ್ಲ. ಮರದ ಚೌಕಟ್ಟಿಗೆ ಜೊಂಡಿನ ತಟ್ಟಿ ಕಟ್ಟಿ, ಮೇಲೆ ಮಣ್ಣು ಮತ್ತು ಗಾರೆ ಮೆತ್ತುವ ‘ಕಿಂಚಾ’ ಎಂಬ ವಿಧಾನದಲ್ಲಿ ಅದನ್ನು ಕಟ್ಟಲಾಗಿದೆ. ಭೂಕಂಪದಲ್ಲಿ ಹಳೆಯ ಕಟ್ಟಡ ಕುಸಿದ ಬಳಿಕ, ಹಗುರವಾದ ಮತ್ತು ಬಾಗಬಲ್ಲ ಸ್ಥಳೀಯ ವಿಧಾನವನ್ನೇ ಸ್ಪೇನಿನವರು ಹಿಡಿದರು. 1687 ಮತ್ತು 1746ರ ಭೀಕರ ಭೂಕಂಪಗಳನ್ನು ದಾಟಿ ಈ ಚರ್ಚು ನಿಂತಿದೆ. ಗೆದ್ದವರು ಸೋತವರಿಂದ ಮನೆ ಕಟ್ಟುವುದನ್ನು ಕಲಿಯಬೇಕಾಯಿತೆಂಬ ಈ ಸಂಗತಿ ಲಿಮಾದ ಯಾವ ಸ್ಮಾರಕಕ್ಕಿಂತಲೂ ನನಗೆ ದೊಡ್ಡದು.

ಮಣ್ಣಿನ ಮಾತು ಬಂದಾಗ ನಸರೇನಾಸ್ ಚರ್ಚನ್ನು ಬಿಡಲಾಗದು. ಹದಿನೇಳನೆಯ ಶತಮಾನದ ನಡುವಿನಲ್ಲಿ ಅಂಗೋಲಾದಿಂದ ಗುಲಾಮನಾಗಿ ಬಂದಿದ್ದ ಒಬ್ಬನು ಮಣ್ಣಿನ ಗೋಡೆಯ ಮೇಲೆ ಶಿಲುಬೆಗೇರಿದ ಕ್ರಿಸ್ತನನ್ನು ಬರೆದನೆಂದೂ, 1655ರ ಕಂಪನದಲ್ಲಿ ಸುತ್ತಲಿನದೆಲ್ಲ ಉರುಳಿದರೂ ಆ ಗೋಡೆ ಉಳಿಯಿತೆಂದೂ ಪರಂಪರೆ ಹೇಳುತ್ತದೆ. ಪ್ರತಿ ಅಕ್ಟೋಬರ್‌ನಲ್ಲಿ ಆ ಚಿತ್ರದ ಪ್ರತಿಯನ್ನು ಹೊತ್ತು ನೇರಳೆ ಬಟ್ಟೆ ತೊಟ್ಟ ಲಕ್ಷಾಂತರ ಜನ ಬೀದಿಗಿಳಿಯುತ್ತಾರೆ. ಆ ತಿಂಗಳಲ್ಲಿ ಹೋಗಲು ಸಾಧ್ಯವಿರುವವರು ಪ್ರವಾಸವನ್ನು ಅದಕ್ಕೆ ಹೊಂದಿಸಿಕೊಳ್ಳಲಿ.

ಕಡಲಂಚಿನ ಉದ್ಯಾನಗಳು, ಬರಾಂಕೊ ಬಡಾವಣೆಯ ನಿಟ್ಟುಸಿರ ಸೇತುವೆ, ರಾತ್ರಿ ದೀಪಗಳಲ್ಲಿ ಕುಣಿಯುವ ಕಾರಂಜಿಗಳ ಪಾರ್ಕು ಇವೆಲ್ಲ ಸಂಜೆಗಳಿಗೆ ಸರಿ. ಅವುಗಳ ಬಗ್ಗೆ ಬರೆದವರು ಸಾಕಷ್ಟಿದ್ದಾರೆ.

ಮಿರಾಫ್ಲೋರೆಸ್‌ನ ಅದೇ ಕಡಲಂಚಿನಲ್ಲಿ ಇರುವ ಸ್ಮೃತಿ ಸಂಗ್ರಹಾಲಯವನ್ನು ಮಾತ್ರ ಪಟ್ಟಿಗಳು ಕೈಬಿಡುವುದು ನನಗೆ ನೋವಿನ ವಿಷಯ. 1980ರಿಂದ 2000ದವರೆಗೆ ‘ಹೊಳೆಯುವ ಹಾದಿ’ ಬಂಡುಕೋರರು ಮತ್ತು ಸರಕಾರಿ ಪಡೆಗಳ ನಡುವೆ ಸಿಲುಕಿ ಸತ್ತವರು, ಕಣ್ಮರೆಯಾದವರು ಸುಮಾರು 69,000 ಮಂದಿ ಎಂದು 2003ರಲ್ಲಿ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಕೆಚುವಾ ಮಾತನಾಡುವ ಗುಡ್ಡಗಾಡಿನ ರೈತರು. ಜೀವ ಉಳಿಸಿಕೊಳ್ಳಲು ಲಿಮಾಕ್ಕೆ ಓಡಿ ಬಂದವರು ನಗರದಂಚಿನ ಮರಳುಗುಡ್ಡಗಳ ಮೇಲೆ ಚಾಪೆಯ ಗುಡಿಸಲು ಕಟ್ಟಿದರು. ಆ ಗುಡ್ಡಗಳ ಎಷ್ಟೋ ಮನೆಗಳಿಗೆ ಇಂದಿಗೂ ನೀರು ಟ್ಯಾಂಕರಿನಿಂದ ಬರುತ್ತದೆ, ಅದೂ ನಲ್ಲಿ ನೀರಿಗಿಂತ ಹೆಚ್ಚಿನ ಬೆಲೆಗೆ. ಗುಡ್ಡದ ಬಣ್ಣಬಣ್ಣದ ಮನೆಗಳನ್ನು ಬಸ್ಸಿನ ಕಿಟಕಿಯಿಂದ ಸೆರೆಹಿಡಿಯುವ ಮೊದಲು ಈ ಸಂಗ್ರಹಾಲಯವನ್ನು ನೋಡಿ ಬರಬೇಕು ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಊಟದ ಚಿಂತೆಯಿಂದ ಲಿಮಾವನ್ನು ದೂರವಿಡುವ ಸಸ್ಯಾಹಾರಿಗಳಿಗೂ ಒಂದು ಮಾತು. ಹಸಿ ಮೀನಿನ ಸೆವಿಚೆಗೆ ಈ ಊರು ಹೆಸರಾಗಿದೆ, ನಿಜ. ಆದರೆ ನಿಂಬೆರಸ ಮತ್ತು ಹಳದಿ ಮೆಣಸಿನಕಾಯಿ ಬೆರೆಸಿದ ಆಲೂಗಡ್ಡೆಯ ‘ಕೌಸಾ’ವನ್ನು ಬೆಣ್ಣೆಹಣ್ಣು ತುಂಬಿಸಿ ಮಾಡಿಕೊಡಿ ಎಂದರೆ ಮಾಡಿಕೊಡುತ್ತಾರೆ. ಮೊಟ್ಟೆ ಬೇಡವೆಂದು ಹೇಳಿ, ಬೇಯಿಸಿದ ಆಲೂಗಡ್ಡೆಯ ಮೇಲೆ ಚೀಸ್ ಮತ್ತು ಮೆಣಸಿನಕಾಯಿಯ ಸಾರು ಸುರಿದ ‘ಪಾಪಾ ಆ ಲಾ ವಾಂಕಾಯಿನಾ’ ತರಿಸಿಕೊಳ್ಳಬಹುದು. 1849ರಿಂದ ಕೂಲಿಗಳಾಗಿ ಬಂದ ಚೀನೀಯರ ಪರಂಪರೆಯ ‘ಚೀಫಾ’ ಹೋಟೆಲುಗಳಲ್ಲಿ ತರಕಾರಿ ಅನ್ನ ಸಿಗುತ್ತದೆ. ಜೊತೆಗೆ ನೇರಳೆ ಮೆಕ್ಕೆಜೋಳವನ್ನು ಚಕ್ಕೆ, ಲವಂಗ, ಅನಾನಸಿನ ಸಿಪ್ಪೆಯೊಂದಿಗೆ ಕುದಿಸಿ ಮಾಡುವ ‘ಚಿಚಾ ಮೊರಾದಾ’.

ಕನಿಷ್ಠ ಮೂರು ದಿನ ಬೇಕು. ಸಾಧ್ಯವಾದರೆ ನಾಲ್ಕನೆಯ ದಿನ ಸುಮಾರು 30 ಕಿಲೋಮೀಟರು ದಕ್ಷಿಣದ ಪಚಕಾಮಾಕ್ ದೇಗುಲಗಳಿಗೆ ಮೀಸಲಿರಲಿ. ಮಿರಾಫ್ಲೋರೆಸ್‌ನಿಂದ ಹಳೆಯ ನಗರಕ್ಕೆ ಟ್ಯಾಕ್ಸಿಗಿಂತ ಮೆಟ್ರೋಪೊಲಿಟಾನೊ ಬಸ್ಸೇ ಮೇಲು, ಅದಕ್ಕೆ ಪ್ರತ್ಯೇಕ ಪಥವಿರುವುದರಿಂದ ಸಂಚಾರ ದಟ್ಟಣೆಯಲ್ಲಿ ಸಿಲುಕುವುದಿಲ್ಲ. ಈ ದಿನಗಳನ್ನು ಪ್ರವಾಸದ ಕೊನೆಗೆ ತಳ್ಳದೆ ಆರಂಭದಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ದೂರದ ವಿಮಾನಯಾನದ ಆಯಾಸ ಸಮುದ್ರಮಟ್ಟದ ಲಿಮಾದಲ್ಲಿ ಕಳೆದ ಮೇಲೆ 3,400 ಮೀಟರ್ ಎತ್ತರದ ಕುಸ್ಕೊಗೆ ಏರುವುದು ದೇಹಕ್ಕೂ ಹಿತ. ಇಂಕಾಗಳ ಕಲ್ಲಿನ ಗೋಡೆಗಳ ಮುಂದೆ ನಿಲ್ಲುವಾಗ, ಅವರಿಗಿಂತ ಮೊದಲು ಈ ನೆಲದಲ್ಲಿ ಕಟ್ಟಿದವರು ಯಾರೆಂಬುದೂ ತಿಳಿದಿರುತ್ತದೆ.