ಪುಸ್ತಕ ಬೇಕಾಗಿರುವುದು ಯಾರಿಗೆ?

ಮಕ್ಕಳ ವಿಭಾಗದ ಕೌಂಟರ್‌ಗೆ ಬರುವ ದೊಡ್ಡವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಮೇಡಂ, ಇವನಿಗೊಂದು ಒಳ್ಳೆ ಪುಸ್ತಕ ಕೊಡಿ." ಆ 'ಇವನು' ಪಕ್ಕದಲ್ಲೇ ನಿಂತಿರುತ್ತಾನೆ. ಅವನ ಕಣ್ಣು ಆಗಲೇ ಯಾವುದೋ ಕಪಾಟಿನ ಮೇಲಿರುತ್ತದೆ. ನಾನು ಅವನ ಕಡೆ ತಿರುಗಿ "ನಿಂಗೆ ಎಂಥದ್ದು ಬೇಕು?" ಅಂದರೆ ಉತ್ತರ ಬರುವುದು ಅಪ್ಪನಿಂದ. "ವಿಜ್ಞಾನದ್ದು ಕೊಡಿ, ಇಲ್ಲಾಂದ್ರೆ ದೊಡ್ಡ ವ್ಯಕ್ತಿಗಳ ಜೀವನಚರಿತ್ರೆ."

ಸಾರ್ವಜನಿಕ ಲೈಬ್ರರಿಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಹೊರಗಿನವರಿಗೆ ಇದು ಪುಸ್ತಕಕ್ಕೆ ಸೀಲ್ ಹೊಡೆಯುತ್ತಾ "ಶ್‌, ಗಲಾಟೆ ಮಾಡಬೇಡಿ" ಅನ್ನುವ ಆರಾಮದ ನೌಕರಿ. ನನಗೀಗ ಅನ್ನಿಸುವುದೇ ಬೇರೆ. ಮಗುವಿಗೂ ಅದು ತಾನಾಗಿ ಕೈ ಹಾಕಿದ ಪುಸ್ತಕಕ್ಕೂ ಮಧ್ಯೆ ಬಂದು ನಿಲ್ಲುವ ದೊಡ್ಡವರನ್ನು ಬೇಜಾರಾಗದ ಹಾಗೆ ಪಕ್ಕಕ್ಕೆ ಸರಿಸುವುದರಲ್ಲೇ ಈ ಕೆಲಸದ ಅರ್ಧ ಶಕ್ತಿ ಹೋಗುತ್ತದೆ. ಹೋಗಬೇಕು ಕೂಡ.

ಮಕ್ಕಳನ್ನು ಕೇಳುವುದಕ್ಕೂ ಒಂದು ರೀತಿ ಇದೆ. "ಯಾವ ಪುಸ್ತಕ ಇಷ್ಟ?" ಅಂದರೆ "ಗೊತ್ತಿಲ್ಲ" ಅನ್ನುತ್ತವೆ, ಭುಜ ಕುಣಿಸುತ್ತವೆ, ಅಮ್ಮನ ಮುಖ ನೋಡುತ್ತವೆ. ಅದೇ "ನಗು ಬರೋದು ಬೇಕಾ, ಭಯ ಆಗೋದು ಬೇಕಾ?" ಅಂತ ಕೇಳಿ ನೋಡಿ, ತಕ್ಷಣ ಉತ್ತರ ಬರುತ್ತದೆ. ಎಷ್ಟು ಭಯ? ಸ್ವಲ್ಪಾನಾ, ರಾತ್ರಿ ನಿದ್ದೆ ಬರದೆ ಇರೋ ಅಷ್ಟಾ? ಆಮೇಲೆ ಮೂರ್ನಾಲ್ಕು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಎದ್ದು ಹೋಗುವುದು ಮುಖ್ಯ. ನಾವು ನೋಡುತ್ತಾ ನಿಂತರೆ ಅವು ನಮಗೆ ಖುಷಿಯಾಗುವ ಪುಸ್ತಕವನ್ನೇ ಎತ್ತಿಕೊಳ್ಳುತ್ತವೆ. ಮಕ್ಕಳು ಅಷ್ಟು ಒಳ್ಳೆಯವರು, ಏನು ಮಾಡೋದು.

ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರ ಬರೆದರು. ಅದರಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ನಮ್ಮ ಕೋರ್ಸಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ. ಆದರೆ ಓದುಗ ಅಂದಾಗ ಎಂಟು ವರ್ಷದವನೂ ಅದರಲ್ಲಿ ಸೇರಿದ್ದಾನೆ ಅನ್ನುವುದು ಕೌಂಟರ್ ಹಿಂದೆ ಕೂತ ಮೇಲೇ ಸರಿಯಾಗಿ ತಲೆಗೆ ಹೋಗೋದು. ಅವನ ಪುಸ್ತಕ ಅಂದರೆ ಅವನ ಅಪ್ಪನ ಪುಸ್ತಕ ಅಲ್ವಲ್ಲ.

ಡೈನೋಸಾರ್ ಹುಡುಗರನ್ನೇ ತಗೊಳ್ಳಿ. ಡ್ಯೂಯಿ ವರ್ಗೀಕರಣ, ಅಂದರೆ ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ, ಇರುವ ಯಾವ ಲೈಬ್ರರಿಗಾದರೂ ಹೋಗಿ ಮಕ್ಕಳ ವಿಭಾಗದಲ್ಲಿ 567.9 ಅನ್ನುವ ಜಾಗ ನೋಡಿ. ಬೈಂಡಿಂಗ್ ಕಿತ್ತಿರುತ್ತದೆ, ಬೆನ್ನಿಗೆ ಟೇಪಿನ ಮೇಲೆ ಟೇಪು. ಪಕ್ಕಕ್ಕೆ ಹೋದರೆ 741.5, ಅಂದರೆ ಕಾಮಿಕ್ಸ್, ಅಲ್ಲೂ ಅದೇ ಕತೆ. "ಮತ್ತೆ ಅದೇನಾ? ಹೋದ ವಾರ ತಗೊಂಡಿದ್ಯಲ್ಲ" ಅಂತ ಪುಸ್ತಕ ಕಿತ್ತು ವಾಪಸ್ ಇಡುವ ದೊಡ್ಡವರನ್ನು ನಾನು ದಿನಾ ನೋಡುತ್ತೇನೆ. ಅದೇ ಪುಸ್ತಕ ಮತ್ತೆ ಮತ್ತೆ ಓದುವ ಮಗು ಸಮಯ ಹಾಳು ಮಾಡುತ್ತಿಲ್ಲ. ಮುಂದೇನಾಗುತ್ತದೆ ಅಂತ ಗೊತ್ತಿದ್ದೂ ಪುಟ ತಿರುಗಿಸುವುದರಲ್ಲಿ ಒಂದು ಧೈರ್ಯ ಇದೆ. ಓದಲು ಕಷ್ಟಪಡುವ ಮಗುವಿಗಂತೂ ಅದು ಬೇಕೇ ಬೇಕು. ನೀವು ಇಷ್ಟದ ಹಾಡನ್ನು ಎಷ್ಟು ಸಲ ಕೇಳಿದ್ದೀರಿ ಅಂತ ಯಾರಾದರೂ ಲೆಕ್ಕ ಕೇಳಿದ್ದಾರಾ?

ಇಲ್ಲಿ ನಮ್ಮ ಲೈಬ್ರರಿಯನ್‌ಗಳದ್ದೂ ತಪ್ಪಿದೆ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 19ನೇ ಶತಮಾನದ ಕೊನೆಯವರೆಗೂ ಎಷ್ಟೋ ಲೈಬ್ರರಿಗಳು ಚಿಕ್ಕ ಮಕ್ಕಳನ್ನು ಒಳಗೇ ಬಿಡುತ್ತಿರಲಿಲ್ಲ. ಅದನ್ನು ಬದಲಾಯಿಸಿದವರಲ್ಲಿ ದೊಡ್ಡ ಹೆಸರು ಆ್ಯನ್ ಕ್ಯಾರಲ್ ಮೂರ್. 1906ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮಕ್ಕಳ ಕೆಲಸದ ಹೊಣೆ ಹೊತ್ತ ಆಕೆ ಮಕ್ಕಳ ಅಳತೆಯ ಕುರ್ಚಿ ಹಾಕಿಸಿದರು, ಕತೆ ಹೇಳುವ ಹೊತ್ತು ಶುರು ಮಾಡಿದರು, ಪುಸ್ತಕ ಜೋಪಾನ ಮಾಡುತ್ತೇನೆ ಅಂತ ಮಕ್ಕಳ ಕೈಯಲ್ಲೇ ಸಹಿ ಹಾಕಿಸಿಕೊಂಡು ಮನೆಗೆ ಕೊಟ್ಟು ಕಳಿಸಿದರು. ಇವತ್ತು ನಾನು ಮಾಡುವ ಕೆಲಸದ ಬಹುಪಾಲು ಆಕೆ ಹಾಕಿದ ದಾರಿ. ಆದರೆ ಅದೇ ಮೂರ್ ತನಗೆ ಹಿಡಿಸದ ಪುಸ್ತಕಕ್ಕೆ 'ಖರೀದಿಗೆ ಯೋಗ್ಯವಲ್ಲ' ಅಂತ ಹೊಡೆಯಲು ಒಂದು ಸೀಲನ್ನೇ ಇಟ್ಟುಕೊಂಡಿದ್ದರಂತೆ. 1947ರಲ್ಲಿ 'ಗುಡ್‌ನೈಟ್ ಮೂನ್' ಅನ್ನುವ ಮಕ್ಕಳ ಚಿತ್ರಪುಸ್ತಕ ಬಂದಾಗ ಆಕೆ ನಿವೃತ್ತರಾಗಿದ್ದರು, ಆದರೂ ಪ್ರಭಾವ ಕಡಿಮೆಯಾಗಿರಲಿಲ್ಲ. ಆಕೆಗೆ ಅದು ಇಷ್ಟವಾಗಲಿಲ್ಲ. ಲಕ್ಷಾಂತರ ಮಕ್ಕಳು ಮಲಗುವ ಮುಂಚೆ ಕೇಳಿದ ಆ ಪುಟ್ಟ ಪುಸ್ತಕ ಆ ಲೈಬ್ರರಿಯ ಕಪಾಟಿಗೆ ಬರಲು 1972 ಆಗಬೇಕಾಯಿತು. ಅಷ್ಟು ಬಲ್ಲವರ ಅಂದಾಜೇ ಹೀಗಾದರೆ ನಮ್ಮ ನಿಮ್ಮ 'ಒಳ್ಳೆ ಪುಸ್ತಕ'ದ ಪಟ್ಟಿಯನ್ನು ಎಷ್ಟು ನಂಬೋಣ ಹೇಳಿ.

ಪುಸ್ತಕ ದಾನ ಕೊಡುವವರದ್ದು ಇನ್ನೊಂದು. ಹರಿದ, ಹಳೇ ಪುಸ್ತಕದ ಗಂಟು ತಂದು "ಮಕ್ಕಳಿಗೆ ಆಗುತ್ತೆ ಬಿಡಿ" ಅನ್ನುತ್ತಾರೆ. ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ತೆಗೆದಿದ್ದು 2006ರಲ್ಲಿ. ಗಂಟು ಬಿಚ್ಚಿದರೆ ಒಂಬತ್ತು ಗ್ರಹದ ಪುಸ್ತಕ ಈಗಲೂ ಸಿಗುತ್ತದೆ. ತಪ್ಪು ಹಿಡಿಯುವುದು ಮೊದಲು ಮಕ್ಕಳೇ, ಅದೂ ಜೋರಾಗಿ, ಎಲ್ಲರ ಎದುರಿಗೆ.

ಹದಿಹರೆಯದವರ ವಿಷಯಕ್ಕೆ ಬಂದರೆ ಸ್ವಲ್ಪ ಜಾಸ್ತಿ ಹೇಳಬೇಕು. ಹದಿಮೂರು ದಾಟಿದ ಕೂಡಲೇ ಅವರಿಗೆ ಲೈಬ್ರರಿಯಲ್ಲಿ ಜಾಗ ಇಲ್ಲದ ಹಾಗಾಗುತ್ತದೆ. ಮಕ್ಕಳ ವಿಭಾಗದ ಕುರ್ಚಿ ಚಿಕ್ಕದು, ದೊಡ್ಡವರ ವಿಭಾಗದಲ್ಲಿ ಎಲ್ಲರೂ ಗುರಾಯಿಸುತ್ತಾರೆ. ಮೂರು ಹುಡುಗಿಯರು ಒಂದೇ ಮೇಜಿಗೆ ಕೂತು ನಕ್ಕರೆ ದೂರು ಬರುತ್ತದೆ. ಅದೇ ಮೇಜಿನಲ್ಲಿ ಪೇಪರ್ ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುವ ಹಿರಿಯರ ಮೇಲೆ ದೂರು ಬರುವುದಿಲ್ಲ!

ಮತ್ತೆ 612.6. ದೇಹದ ಬೆಳವಣಿಗೆ, ಮುಟ್ಟು, ಮಗು ಹೇಗೆ ಹುಟ್ಟುತ್ತದೆ ಅನ್ನುವ ವಿಷಯಗಳ ವರ್ಗಾಂಕ ಇದು. ಕಂಪ್ಯೂಟರಿನಲ್ಲಿ ನೋಡಿದರೆ ಈ ಪುಸ್ತಕಗಳನ್ನು ಯಾರೂ ತಗೊಂಡೇ ಹೋಗಿಲ್ಲ. ಆದರೆ ಪುಸ್ತಕ ಎತ್ತಿ ನೋಡಿ. ಅಂಚು ಮಡಚಿರುತ್ತದೆ, ಮಧ್ಯದ ಪುಟಗಳು ಮೆತ್ತಗಾಗಿರುತ್ತವೆ, ಮೇಜಿನ ಮೇಲಿಟ್ಟರೆ ತಾನೇ ಒಂದೇ ಕಡೆ ತೆರೆದುಕೊಳ್ಳುತ್ತದೆ. ಕೆಲವು ಸಲ ಅದು ತನ್ನ ಜಾಗದಲ್ಲೇ ಇರುವುದಿಲ್ಲ, ನಿಘಂಟುಗಳ ಹಿಂದೆ ಸಿಗುತ್ತದೆ. ಯಾರೋ ಅರ್ಧ ಓದಿ, ನಾಳೆ ಬಂದು ಮುಗಿಸೋಣ ಅಂತ ಅಡಗಿಸಿಟ್ಟಿದ್ದಾರೆ. ನಿಯಮದ ಪ್ರಕಾರ ನಾನು ಅದನ್ನು ತೆಗೆದು ಸರಿಯಾದ ಜಾಗಕ್ಕೆ ಇಡಬೇಕು. ಇಡುತ್ತೇನೆ, ಆದರೆ ಒಂದೆರಡು ದಿನ ಬಿಟ್ಟು. ಇಶ್ಯೂ ಆಗಿಲ್ಲ ಅನ್ನುವ ಕಾರಣಕ್ಕೆ ಇಂಥ ಪುಸ್ತಕವನ್ನು ವರ್ಷದ ಕೊನೆಯಲ್ಲಿ ತೆಗೆದುಹಾಕುವ ಪಟ್ಟಿಗೆ ಸೇರಿಸಿದರೆ ನನಗೆ ಸಿಟ್ಟು ಬರುತ್ತದೆ. ಅಲ್ಲೇ ಕೂತು ಓದಿದ್ದಕ್ಕೂ ಲೆಕ್ಕ ಇಡಬೇಕು. ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ವಾಪಸ್ ಜೋಡಿಸುವ ಮುಂಚೆ ಒಂದು ಸಲ ಸ್ಕ್ಯಾನ್ ಮಾಡಿದರೆ ಸಾಕು, ಅಂಥಾ ದೊಡ್ಡ ಕೆಲಸವೇನಲ್ಲ.

"ನಮ್ಮ ಮಗಳು ಏನೇನು ತಗೊಂಡು ಹೋಗ್ತಾಳೆ ಅಂತ ಒಂದು ಪಟ್ಟಿ ಕೊಡಿ" ಅಂತ ಕೇಳುವವರೂ ಇದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಪುಟ್ಟ ಮಕ್ಕಳ ವಿಷಯ ಬೇರೆ, ಅಲ್ಲಿ ಅಪ್ಪ ಅಮ್ಮ ಜೊತೆಗೇ ಇರಬೇಕು. ಆದರೆ ಹದಿನೈದರ ಹುಡುಗಿ? 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೇ ವಿಧಿ, ಮಗು ತಾನು ಆರಿಸಿಕೊಂಡ ಮಾಧ್ಯಮದ ಮೂಲಕ ಎಲ್ಲ ಬಗೆಯ ಮಾಹಿತಿ ಹುಡುಕಬಹುದು, ಪಡೆಯಬಹುದು ಅನ್ನುತ್ತದೆ. 16ನೇ ವಿಧಿ ಮಗುವಿನ ಖಾಸಗಿತನದ ಬಗ್ಗೆ. ತಂದೆ ತಾಯಿ ದಾರಿ ತೋರಿಸಬೇಕು ಅಂತಲೂ ಆ ಒಡಂಬಡಿಕೆಯಲ್ಲಿದೆ, ಇಲ್ಲ ಅನ್ನುತ್ತಿಲ್ಲ. ಹಾಗಾಗಿ ನಾನು ಹೇಳುವುದು, "ಅವಳನ್ನೇ ಕೇಳಿ ನೋಡಿ." ಕೆಲವರಿಗೆ ಇದು ಸೊಕ್ಕಿನ ಮಾತಿನ ಹಾಗೆ ಕೇಳಿಸುತ್ತದೆ. ಕೇಳಿಸಲಿ. ಲೈಬ್ರರಿಯನ್ ಚಾಡಿ ಹೇಳುತ್ತಾರೆ ಅಂತ ಒಂದು ಸಲ ಗೊತ್ತಾದರೆ ಆ ಹುಡುಗಿ ಮತ್ತೆ ಬರುವುದಿಲ್ಲ. ಉತ್ತರವನ್ನು ಮೊಬೈಲಿನಲ್ಲಿ ಹುಡುಕುತ್ತಾಳೆ, ಅಲ್ಲಿ ಏನು ಸಿಗುತ್ತದೆ ಅಂತ ನಿಮಗೂ ಗೊತ್ತು.

ಅಪ್ಪ ಅಮ್ಮಂದಿರಲ್ಲಿ ನಾನು ಕೇಳಿಕೊಳ್ಳುವುದು ಚಿಕ್ಕದು. ಮಗುವನ್ನು ಕರೆದುಕೊಂಡು ಬನ್ನಿ, ನಮ್ಮ ವಿಭಾಗದಲ್ಲಿ ಬಿಟ್ಟು ಅರ್ಧ ಗಂಟೆ ದೊಡ್ಡವರ ವಿಭಾಗಕ್ಕೆ ಹೋಗಿ ನಿಮಗೊಂದು ಪುಸ್ತಕ ಹುಡುಕಿಕೊಳ್ಳಿ. ಕಾರ್ಡ್ ಇಲ್ಲದಿದ್ದರೆ ಕೌಂಟರಿನಲ್ಲಿ ಅರ್ಜಿ ಇದೆ.