ಪಾಪಾಸುಕಳ್ಳಿ ಉಳಿಸುವವರು ಬುಡ ಅಗೆಯಬೇಡಿ

ಪುಣೆ ಸುತ್ತಮುತ್ತ ರಸ್ತೆ ಅಗಲಿಸಲಿ, ಪ್ಲಾಟ್ ಹಾಕಲಿ, ಜೆಸಿಬಿ ಮೊದಲು ಎತ್ತಿ ಬಿಸಾಡುವುದು ಬದುವಿನ ಮೇಲಿನ ಕಳ್ಳಿಬೇಲಿಯನ್ನು. ಅಯ್ಯೋ ಎಂದು ಓಡಿಹೋಗಿ ತರುವ ಕನ್ನಡದವರು ಇಲ್ಲಿ ಸಾಕಷ್ಟು ಮಂದಿ ಇದ್ದಾರೆ, ಅದು ಸಂತೋಷದ ವಿಷಯ. ಆದರೆ ಇಡೀ ಪೊದೆಯನ್ನು ಬುಡಸಮೇತ ಕಿತ್ತು ಟೇಕಡಿಯ, ಅಂದರೆ ಇಲ್ಲಿಯ ಗುಡ್ಡದ, ಮೇಲೆ ನೆಟ್ಟು ಬರುವುದನ್ನು ನಾನು ಒಪ್ಪುವುದಿಲ್ಲ. ಎರಡು ಮೂರು ಒಳ್ಳೆಯ ತುಂಡು ಸಾಕು. ಅವು ಕುಂಡದಲ್ಲೇ ಇರಲಿ.

ಮೊದಲು ಗುರುತು ಹಿಡಿಯಿರಿ. ನಮ್ಮ ಕಳ್ಳಿ, ಮರಾಠಿಯ ನಿವಡುಂಗ, ಎರಡು ಹೆಸರೂ ಸಂಬಂಧವಿಲ್ಲದ ಗಿಡಗಳನ್ನು ಒಟ್ಟಿಗೆ ಸೇರಿಸಿಬಿಡುತ್ತವೆ. ಸಹ್ಯಾದ್ರಿಯ ಬಂಡೆಗಳ ಮೇಲೆ ಬೆಳೆದು, ಚುಚ್ಚಿದರೆ ಹಾಲು ಸುರಿಸುವ ಕಳ್ಳಿ ಯೂಫೋರ್ಬಿಯಾ ಜಾತಿಯದು. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಅದರ ತಂಟೆಗೆ ಹೋಗಬೇಡಿ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ಬರೀ ಲೋಳೆ. ಪಾಪಾಸು ಅಂದರೆ ಚಪ್ಪಲಿ. ಅದೇ ಆಕಾರದಲ್ಲಿ ಮರಾಠಿಯವರಿಗೆ ಹಾವಿನ ಹೆಡೆ ಕಂಡಿದೆ, ಅದಕ್ಕೇ ಫಡ್ಯಾ ನಿವಡುಂಗ. ನಾವು ಎಲೆ ಅನ್ನುವುದು ನಿಜಕ್ಕೂ ಕಾಂಡ. ಇಲ್ಲಿ ಪ್ಯಾಡ್ ಎಂದೇ ಬರೆಯುತ್ತೇನೆ.

ಪಾಪಾಸುಕಳ್ಳಿಯಲ್ಲೇ ಯಾವ ಜಾತಿ ಎಂದು ತಿಳಿಯಲು ಮುಳ್ಳು, ಹೂವು ಎರಡನ್ನೂ ನೋಡಿ. ಕಂದು ಮುಳ್ಳು, ಕಿತ್ತಳೆಗೆ ತಿರುಗುವ ಹೂವು, ಒಳಗೆ ಕೆಂಪು ಛಾಯೆಯ ಕೇಸರಗಳಿದ್ದು ಆಳೆತ್ತರ ಮೀರಿದರೆ ಅದು ಒಪನ್ಶಿಯಾ ಇಲೇಟಿಯರ್. ಹಳದಿ ಮುಳ್ಳು ಚಪ್ಪಟೆಯಾಗಿ ತುಸು ಬಾಗಿದ್ದು, ಹೂವು ಹಳದಿಯಾಗಿದ್ದರೆ ಡಿಲೆನಿಯೈ. ಪ್ಯಾಡ್ ತೆಳ್ಳಗೆ, ಹೊಳೆಯುವ ಹಸಿರಾಗಿದ್ದು, ಮುಳ್ಳು ಹುಟ್ಟುವ ಒಂದೊಂದು ಚುಕ್ಕೆಯಲ್ಲಿ ಒಂದೋ ಎರಡೋ ಮುಳ್ಳಿದ್ದರೆ ಮೊನಕಾಂತ. ಅದು ಸಿಕ್ಕರೆ ಖಂಡಿತ ಒಂದು ತುಂಡು ಉಳಿಸಿ. 1795ರಲ್ಲಿ ಬ್ರೆಜಿಲ್‌ನಿಂದ ಕೆಂಪು ಬಣ್ಣ ತೆಗೆಯುವ ಕಾಕಿನೀಲ್ ಹುಳು ಎಂದು ತಪ್ಪಾಗಿ ಬೇರೊಂದು ಹುಳುವನ್ನು ತಂದರು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಆ ಹುಳು ಮಾತ್ರ ಮೊನಕಾಂತವನ್ನು ದೇಶದ ಬಹುಭಾಗದಲ್ಲಿ ತಿಂದುಹಾಕಿತು. ಡಿಲೆನಿಯೈಯನ್ನು ಹತ್ತಿಕ್ಕಲು 1926ರಲ್ಲಿ ಶ್ರೀಲಂಕಾದಿಂದ ಬೇಕೆಂದೇ ಇನ್ನೊಂದು ಹುಳು ತರಿಸಿದರು.

ಹಾಗಾಗಿ ಚಾಕು ತೆಗೆಯುವ ಮೊದಲು ಹುಳು ಇದೆಯೇ ನೋಡಿಕೊಳ್ಳಿ. ಪ್ಯಾಡ್ ಮೇಲೆ ಹತ್ತಿ ಅಂಟಿದಂತಹ ಬಿಳಿ ಚುಕ್ಕೆಯನ್ನು ಕಡ್ಡಿಯಿಂದ ಒತ್ತಿ. ಕಡುಗೆಂಪು ರಸ ಬಂದರೆ ಅದೇ ಹುಳು. ಆ ಪ್ಯಾಡ್ ತರಬೇಡಿ, ಮನೆಯ ಉಳಿದ ಕಳ್ಳಿಗಳಿಗೂ ಹತ್ತುತ್ತದೆ. ಜಮೀನಿನವರನ್ನು ಕೇಳದೆ ಮುಟ್ಟಬೇಡಿ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಬೇಕೇ ಬೇಕು.

ಉದ್ದ ಮುಳ್ಳು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಅದರ ಬುಡದ ಕೂದಲಿನಂತಹ ಸಣ್ಣ ಮುಳ್ಳಿಗೆ. ಅದಕ್ಕೆ ಗಾಳದಂತೆ ಹಿಮ್ಮುಖ ಕೊಂಡಿಗಳಿವೆ. ಬಟ್ಟೆಯ ಕೈಗವಸು ಹಾಕಿದರೆ ಅದರಲ್ಲೇ ಸಿಕ್ಕಿಕೊಂಡು ಮುಂದಿನ ವಾರವೂ ಚುಚ್ಚುತ್ತದೆ. ಉದ್ದ ಇಕ್ಕಳ, ದಪ್ಪಗೆ ಮಡಚಿದ ಪೇಪರ್, ಕಣ್ಣಿಗೆ ಕನ್ನಡಕ ಇಷ್ಟು ಬೇಕು. ಪ್ಯಾಡ್ ಮೇಲೆ ನೀರು ಚಿಮುಕಿಸಿದರೆ ಮುಳ್ಳು ಹಾರುವುದು ಕಡಿಮೆ. ಗಾಳಿ ನಿಮ್ಮ ಬೆನ್ನಿಗಿರಲಿ.

ಬಲಿತ, ಗಟ್ಟಿಯಾದ ಪ್ಯಾಡ್ ಆರಿಸಿ. ಎಳೆಯದು ಬೇರು ಬಿಡುವ ಮೊದಲೇ ಬಾಡುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಗಂಟಿನಲ್ಲೇ ಕತ್ತರಿಸಿ, ನಡುವೆ ಸೀಳಬೇಡಿ. ಕತ್ತರಿಸುವ ಮೊದಲೇ ಬಿಸಿಲಿಗಿದ್ದ ಮುಖಕ್ಕೆ ಚಾಕ್‌ಪೀಸ್‌ನಿಂದ ಗುರುತು ಹಾಕಿ. ನೆಟ್ಟಾಗ ಅದೇ ಮುಖ ಬಿಸಿಲಿಗಿರಬೇಕು, ನೆರಳಿನ ಮುಖ ತಿರುಗಿದರೆ ಸುಟ್ಟು ಬಿಳಿಚುತ್ತದೆ. ತಂದ ತಕ್ಷಣ ನೆಡುವುದೇ ಬಹುತೇಕ ಕೊಳೆತಕ್ಕೆ ಕಾರಣ. ಕೊಯ್ದ ಬಾಯಿ ಒಣಗಿ ಚಕ್ಕೆಗಟ್ಟಲು ನೆರಳಲ್ಲಿ ನಿಲ್ಲಿಸಿ ಎರಡು ವಾರ ಬಿಡಿ. ಮಳೆಗಾಲದ ಥಂಡಿಗೆ ಮೂರು ವಾರವೂ ಬೇಕಾಗಬಹುದು. ಆಯ್ಕೆಯಿದ್ದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ.

ಇಲ್ಲಿಯ ಕಪ್ಪು ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಹಾಗೇ ತುಂಬಬೇಡಿ. ಜರಡಿಯಾಡಿದ ಮುರುಮ್ (ಗರಸು ಮಣ್ಣು) ಎರಡು ಪಾಲು, ದಪ್ಪ ಮರಳು ಒಂದು ಪಾಲು, ಹಳೆಯ ಗೊಬ್ಬರ ಅರ್ಧ ಪಾಲು. ಹನ್ನೆರಡು ಇಂಚಿನ ಮಣ್ಣಿನ ಕುಂಡ, ತಳದ ತೂತು ಮುಚ್ಚಿರಬಾರದು. ಪ್ಯಾಡಿನ ಕಾಲುಭಾಗ ಹೂತು ಸುತ್ತ ಕಲ್ಲು ಆನಿಸಿ. ಆಳವಾಗಿ ಹೂತರೆ ಗಟ್ಟಿ ನಿಲ್ಲುತ್ತದೆ ಅನ್ನಿಸುತ್ತದೆ, ಆದರೆ ಕೊಳೆತ ಶುರುವಾಗುವುದೇ ಅಲ್ಲಿಂದ. ಹತ್ತು ದಿನ ನೀರು ಬೇಡವೇ ಬೇಡ. ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ ಒಂದು ಲೋಟ. ತಿಂಗಳ ಬಳಿಕ ಮೆಲ್ಲಗೆ ಅಲುಗಿಸಿದಾಗ ಬಿಗಿಯಾಗಿದ್ದರೆ ಬೇರು ಹಿಡಿದಿದೆ. ಜೂನ್ ಬಂದರೆ ಸಜ್ಜಾದ ಕೆಳಗೆ ಸರಿಸಿ.

ಸಣ್ಣ ಮುಳ್ಳು ಚುಚ್ಚಿದರೆ ಉಜ್ಜಬೇಡಿ, ಬಾಯಿಂದ ಎಳೆಯಬೇಡಿ. ಚಿಮಟದಿಂದ ಸಿಕ್ಕಷ್ಟು ಕಿತ್ತು, ಆ ಜಾಗಕ್ಕೆ ಫೆವಿಕಾಲ್ ತೆಳ್ಳಗೆ ಹಚ್ಚಿ ಮೇಲೆ ಗಾಜ್ ಬಟ್ಟೆ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಎಳೆಯಿರಿ. ಕಣ್ಣಿಗೆ ಹೋಗಿದ್ದರೆ ಇದ್ಯಾವುದೂ ಬೇಡ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಇನ್ನು ಟೇಕಡಿಯ ಮಾತು. ಈ ಗಿಡ ಅಮೆರಿಕ ಖಂಡಗಳಿಂದ ಬಂದದ್ದು. ಇಲ್ಲಿಯ ಬದುಗಳಿಗೆ ಒಗ್ಗಿದೆ, ಪ್ರೀತಿಯಿಂದ ಸಾಕೋಣ. ಆದರೆ ಬಿದ್ದ ಪ್ಯಾಡ್ ಅಲ್ಲೇ ಬೇರು ಬಿಡುತ್ತದೆ, ಹಣ್ಣು ತಿಂದ ಹಕ್ಕಿ ಬೀಜ ಹರಡುತ್ತದೆ. ಪುಣೆಯ ವೇತಾಳ ಟೇಕಡಿಯ ಹುಲ್ಲಿಗೆ, ಅದರ ನಡುವಿನ ಸಣ್ಣ ಕಾಡುಹೂಗಳಿಗೆ ಜಾಗ ಇರುವುದೇ ಅಷ್ಟು. ನೆಟ್ಟು ಉಳಿದ ತುಂಡುಗಳನ್ನು ಹಸಿ ಕಸಕ್ಕೂ ಹಾಕಬೇಡಿ, ಸೊಸೈಟಿಯ ಗೊಬ್ಬರದ ಗುಂಡಿಗೂ ಎಸೆಯಬೇಡಿ. ದಪ್ಪ ಕಪ್ಪು ಚೀಲದಲ್ಲಿ ಬಾಯಿ ಬಿಗಿದು ಟೆರೇಸಿನ ಬಿಸಿಲಲ್ಲಿ ಇಡಿ, ಕೊಳೆತು ನೀರಾಗುವ ತನಕ ಬಿಚ್ಚಬೇಡಿ.